ಸೌದೆ ಡಿಪೋಗೆ ಯಾರೂ ಬರಲಿಲ್ಲ

ಅರವತ್ತರ ದಶಕದ ಮೊದಮೊದಲ ವರ್ಷಗಳಲ್ಲೊಂದು. ಮಾರ್ಚ್ ತಿಂಗಳು, ಸೋಮವಾರ, ಬೆಳಿಗ್ಗೆ ಏಳೂವರೆ. ಸ್ಥಳ, ಮಾರಿಕುಪ್ಪಂ ಕಡೆಯ ಒಂದು ಕಾರ್ಮಿಕರ ಲೈನಿನ ತುದಿಯಲ್ಲಿದ್ದ ಹಳೆಯ ಸೌದೆ ಡಿಪೋ. ಹಾಜರಿದ್ದವರು ನಮ್ಮ ಆರೋಗ್ಯಾಧಿಕಾರಿಗಳು, ಸಿಡುಬಿನ ದಾಕು, ಎಂದರೆ ಲಸಿಕೆ, ಹಾಕುವವರೊಬ್ಬರು, ತಮಟೆಯವನು ಮತ್ತು ನಾನು. ಹಾಜರಿರಬೇಕಾಗಿದ್ದವರು ಇಡೀ ಲೈನಿನ ಜನ. ಅವರಲ್ಲಿ ಒಬ್ಬರೂ ಇರಲಿಲ್ಲ.

ನಾನಾಗ ಆರೋಗ್ಯ ಸಂದರ್ಶಕಿ. ಬಂಗಾರಪೇಟೆಯಲ್ಲಿ ಬಾಡಿಗೆ ಮನೆ, ಬೆಳಗಿನ ಮೊದಲ ರೈಲಿಗೆ ಚಿನ್ನದ ಗಣಿ ಕಡೆ ಪ್ರಯಾಣ, ಸಂಜೆಯ ರೈಲಿಗೆ ವಾಪಸು. ನರ್ಸಿಂಗ್ ಕಲಿಸಿದ ಮೇಟ್ರನ್ ನನ್ನ ತಲೆಯಲ್ಲಿ ಒಂದು ಕ್ರಮ ಕೂರಿಸಿಬಿಟ್ಟಿದ್ದರು: ಕೈ ತೊಳೆ, ಸಾಮಾನು ಕುದಿಸು, ಮಾಡಿದ್ದನ್ನು ಬರೆ, ಆಮೇಲೆ ಮಾತಾಡು. ಕ್ರಮಕ್ಕೆ ಬಾರದ ಜನರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆ ಎರಡು ವಾರ ನನ್ನ ಸುತ್ತ ಇದ್ದವರೆಲ್ಲ ಅಂಥವರೇ, ಅಧಿಕಾರಿಗಳೂ ಸೇರಿ.

ವಿಷಯ ಇಷ್ಟು. ಲೈನಿನ ಒಬ್ಬ ಕೆಲಸಗಾರ ಸಾವಿನ ಮನೆಗೆಂದು ಗಡಿಯಾಚೆ ಹೆಂಡತಿಯ ಊರಿಗೆ ಹೋಗಿ ಬಂದು ಜ್ವರದಲ್ಲಿ ಮಲಗಿದ್ದ. ಶನಿವಾರ ನಾನು ನೋಡುವಾಗ ಮುಖದಲ್ಲೂ ಮುಂಗೈಯಲ್ಲೂ ಗುಳ್ಳೆ ಎದ್ದಿತ್ತು. ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, 'ಅಮ್ಮ ಬಂದವಳೆ' ಅಂದರು. ಸಿಡುಬು. ಅವನ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಇದ್ದದ್ದು ಮಣ್ಣು ಮೆತ್ತಿದ ಬಿದಿರಿನ ತಟ್ಟಿ. ಅದೂ ಮಾಡಿನವರೆಗೆ ಮುಟ್ಟದ ತಟ್ಟಿ. ಈ ಕಡೆ ಕೆಮ್ಮಿದರೆ ಆ ಕಡೆ ಕೇಳುವುದಿರಲಿ, ತಗಲುತ್ತಿತ್ತು. ಆ ಪಕ್ಕದ ಕೋಣೆಯಲ್ಲಿ ಒಂದು ಹಸುಗೂಸಿತ್ತು. ಇನ್ನೂ ಹೊಕ್ಕುಳು ಒಣಗುತ್ತಿದ್ದ ಮಗು.

ಸಿಡುಬಿನ ಗಾಳಿ ತಗಲಿದ ಮೇಲೂ ಮೊದಲ ಕೆಲವು ದಿನಗಳಲ್ಲಿ ಲಸಿಕೆ ಹಾಕಿದರೆ ಮಗು ಉಳಿಯುವ ಸಾಧ್ಯತೆ ಇರುತ್ತದೆ. ತಡವಾದರೆ ಇಲ್ಲ. ನನ್ನ ಅವಸರವೆಲ್ಲ ಅದಕ್ಕೆ.

ಆದರೆ ಅಧಿಕಾರಿಗಳು ಕಾರ್ಯಕ್ರಮ ಹಾಕಿದ್ದು ಬೇರೆ ರೀತಿ. ಡಿಪೋದ ಒಳಗೆ ಮೇಜು. ಮೊದಲು ಹೆಸರು, ತಂದೆಯ ಹೆಸರು, ಸ್ವಂತ ಊರು, ವಯಸ್ಸು. ಹೆಬ್ಬೆಟ್ಟು. ಆಮೇಲೆ ತೋಳು. ತಮಟೆಯವನು ಭಾನುವಾರ ಸಂಜೆಯೇ ಮೂರು ಭಾಷೆಯಲ್ಲಿ ಸಾರಿದ್ದ: ಎಲ್ಲರೂ ಸಂಸಾರ ಸಮೇತ ಡಿಪೋಗೆ ಬಂದು, ಹೆಸರು ಊರು ಬರೆಸಿ, ಹೆಬ್ಬೆಟ್ಟು ಒತ್ತಿ, ಕೈಗೆ ಹಾಕಿಸಿಕೊಳ್ಳತಕ್ಕದ್ದು. ತಮಿಳಿನಲ್ಲಿ ಸಾರುವಾಗ 'ಅಮ್ಮೈ ಕುತ್ತು, ಅಮ್ಮೈ ಕುತ್ತು' ಎಂದು ಕೂಗಿದ. ಅವರ ಮಾತಲ್ಲಿ ಅಮ್ಮೈ ಎಂದರೆ ಸಿಡುಬು, ಕುತ್ತು ಎಂದರೆ ಚುಚ್ಚುವುದು. ನನ್ನ ಕನ್ನಡದ ಕಿವಿಗೆ ಅದು ಪ್ರಾಣಕ್ಕೆ ಬರುವ ಕುತ್ತಾಗಿಯೇ ಕೇಳಿಸಿತು. ಆಗ ನಕ್ಕೆ.

ಎಂಟು ಗಂಟೆಗೆ ಸಂಗು ಕೂಗಿತು. ಗಣಿಯ ಪಾಳಿ ಬದಲಾಗುವ ಹೊತ್ತಿನ ಆ ಸೈರನ್ನು ಕೂಗಿದ ಮೇಲೆ ಕೆಲವು ಗಂಡಸರು ಡಿಪೋ ಮುಂದೆ ಹಾದುಹೋಗುವಾಗ ನಿಂತರು. ಮೊದಲು ಒಳಗೆ ಬಂದವನು ಸಿಡುಬಾದವನ ತಮ್ಮ. ಅಣ್ಣನ ಜೊತೆ ಒಂದೇ ಕೋಣೆಯಲ್ಲಿ ಮಲಗುವವನು. ಎಲ್ಲರಿಗಿಂತ ಮೊದಲು ಲಸಿಕೆ ಬೀಳಬೇಕಾಗಿದ್ದ ತೋಳು ಅವನದು. ಅಂಗಿ ಕಳಚಿಯೇ ಬಂದಿದ್ದ.

ಹೆಸರು ಹೇಳಿದ. ತಂದೆಯ ಹೆಸರು ಕೇಳಿದಾಗ ಒಬ್ಬ ಮೇಸ್ತ್ರಿಯ ಹೆಸರು ಹೇಳಿದ. ಹಿಂದಿನವನೂ ಅದೇ ಹೆಸರು ಹೇಳಿದ. ಅವನ ಹಿಂದಿನವನೂ ಅದೇ. ದಾಕು ಹಾಕುವವರು ಕಾಮಸಮುದ್ರದ ಕಡೆಯವರು, ಬಾಯಿ ಸುಮ್ಮನಿರುವ ಪೈಕಿ ಅಲ್ಲ.

"ಅಮ್ಮಾವ್ರೇ, ಒಬ್ಬ ಅಪ್ಪುಂಗೆ ಇಷ್ಟು ಮಕ್ಳು ಅಂದ್ರೆ, ಆ ಪುಣ್ಯಾತ್ಮ ಗಣಿ ಒಳಿಕ್ಕೆ ಇಳೀತಿದ್ದುದ್ದು ಯಾವಾಗಂತೀನಿ!"

ಅಧಿಕಾರಿಗಳು ನಗಲಿಲ್ಲ. ತಮ್ಮನ್ನು ಹಾಸ್ಯ ಮಾಡುತ್ತಿದ್ದಾರೆ ಎಂದುಕೊಂಡರು.

"ನಿನ್ನ ಅಪ್ಪನ ಹೆಸರು ಹೇಳಯ್ಯಾ. ಹೆತ್ತ ಅಪ್ಪ."

"ಅದೇ ಸಾಮಿ. ನಮ್ ಲೈನೆಲ್ಲಾ ಅವರ ಆಳೇ."

"ಅವರು ಎಲ್ಲಿದ್ದಾರೆ?"

"ಸತ್ತೋಗಿ ಬಾಳ ವರ್ಷ ಆಯ್ತಂತೆ ಸಾಮಿ. ನಾನ್ ನೋಡಿಲ್ಲ."

"ಸರಿಯಾದ ಹೆಸರು ಬರೆಸೋವರೆಗೆ ಯಾರಿಗೂ ಹಾಕಬೇಡಿ," ಎಂದರು ಸಾಹೇಬರು ನನಗೆ. "ನಾಳೆ ಮೇಲಿನವರು ಕೇಳಿದರೆ ಉತ್ತರ ಕೊಡೋದು ನಾನು."

"ಸಾರ್, ಇವನು ರೋಗಿಯ ತಮ್ಮ. ಮೊದಲು ಇವನಿಗಾದರೂ..."

"ಮೊದಲು ಹೆಸರು."

ಅವನು ಅಂಗಿ ಹಾಕಿಕೊಂಡು ಪಾಳಿಗೆ ಹೊರಟುಹೋದ. ಉಳಿದವರೂ ಹೋದರು. ಮಧ್ಯಾಹ್ನದ ಹೊತ್ತಿಗೆ ಗಾಡಿ ಬಂದು ಸಿಡುಬಾದವನನ್ನು ಊರಾಚೆ ರೋಗಿಗಳನ್ನು ಬೇರೆ ಇಡುವ ಶೆಡ್ಡಿಗೆ ಸಾಗಿಸಿತು. ಹೆಂಡತಿಯನ್ನು ಹತ್ತಿಸಿಕೊಳ್ಳಲಿಲ್ಲ. ಲೈನಿನ ಜನವೆಲ್ಲ ಬಾಗಿಲಲ್ಲಿ ನಿಂತು ನೋಡಿದರು.  

ಎಲ್ಲರೂ ಆ ಮೇಸ್ತ್ರಿಯ ಹೆಸರನ್ನೇ ಹೇಳಿದ್ದರ ಅರ್ಥ ನನಗೆ ತಿಳಿದದ್ದು ನಂತರ. ಇವರ ಅಜ್ಜಂದಿರನ್ನು ಮುಂಗಡ ಕೊಟ್ಟು ಊರಿನಿಂದ ಕರೆತಂದವನು ಆ ಮೇಸ್ತ್ರಿ. ಗಣಿಯ ಬಾಗಿಲಲ್ಲಿ 'ಯಾರ ಕಡೆಯವನು' ಎಂದರೆ ಅವನ ಹೆಸರು ಹೇಳಬೇಕು. ಹೇಳದಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಆ ಉತ್ತರ ಇಳಿದು ಬಂದಿತ್ತು. ಮೇಜಿನ ಹಿಂದೆ ಕೂತ ಮನುಷ್ಯ 'ತಂದೆ ಯಾರು' ಎಂದರೂ ಅವರ ಕಿವಿಗೆ ಬೀಳುತ್ತಿದ್ದ ಪ್ರಶ್ನೆ ಅದೇ ಹಳೆಯದು.

ಗಾಡಿ ಹೋದ ಮೇಲೆ ನಾನೇ ಲೈನಿಗೆ ಇಳಿದೆ. ಕೂಸಿನ ಮನೆಯ ಹೊಸಲಿನ ಮೇಲೆ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು. ಕೂಸಿನ ಅಪ್ಪನ ತಾಯಿ. ಲೈನಿಗೆಲ್ಲ ಪಾಟಿ, ಎಂದರೆ ಅಜ್ಜಿ. ಅವಳು ಹೂಂ ಎಂದರೆ ಲೈನು ಹೂಂ, ಊಹೂಂ ಎಂದರೆ ಊಹೂಂ. ಒಳಗೆ ಬಾಣಂತಿ ಸೊಸೆ.

"ಯಾಕೆ ಪಾಟಿ, ಹೆಂಗಸರು ಮಕ್ಕಳು ಯಾರೂ ಬರಲಿಲ್ಲ?"

"ಡಿಪೋಗೆ ಬರಲ್ಲ ನರ್ಸಮ್ಮಾ."

"ದಿನಾ ಸೌದೆಗೆ ಅಲ್ಲಿಗೇ ಹೋಗ್ತಿರಲಿಲ್ವಾ?"

"ಸೌದೆಗೆ ಓದ್ರೆ ಸೌದೆ ತರ್ತಿದ್ವಿ. ಎಸ್ರು ಕೊಟ್ಟು, ಎಬ್ಬೆಟ್ಟು ಕೊಟ್ಟು, ಕೈ ಕೊಡಕ್ಕೆ ಓದ್ರೆ? ನಾವೇ ಸೌದೆ."

"ಸಿಡುಬು ಬಂದರೆ ಈ ಕೂಸು ಉಳಿಯಲ್ಲ, ಗೊತ್ತಾ?"

"ಗಾಡಿ ಬಂತು, ನೋಡಿದ್ಯಾ? ಡಿಪೋ ತೆಗೆದ ದಿನವೇ ಗಾಡಿ ಬಂತು. ಗಂಡನ್ನ ಒಯ್ತು, ಎಂಡ್ತಿನ ಬಿಟ್ತು." ಮುದುಕಿ ಎದ್ದು ತಟ್ಟಿಯ ಬಾಗಿಲು ಎಳೆದುಕೊಂಡಳು.

ನಾನು ಬಾಗಿಲಿನ ಮುಂದೆ ನಿಂತು ರೋಗದ ಬಗ್ಗೆ ಭಾಷಣ ಮಾಡಿದೆ. ಒಳಗಿನಿಂದ ಕೂಸು ಅತ್ತ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ರೈಲಿನಲ್ಲಿ ಹಿಂದಿರುಗುವಾಗ ದಾಕು ಹಾಕುವವರು ಬೀಡಿ ಹಚ್ಚಿ, "ಓಗ್ಲಿ ಬುಡಿ ಅಮ್ಮಾವ್ರೇ, ಬಾಗ್ಲು ಚೆನ್ನಾಗ್ ಕೇಳುಸ್ಕೊಂಡ್ತು," ಎಂದರು. 

ಮಂಗಳವಾರ ಇದಕ್ಕಿಂತ ಕೆಟ್ಟದಾಗಿ ಶುರುವಾಯಿತು. ಆ ಕಾಲದ ಲಸಿಕೆ ದ್ರವರೂಪದ್ದು. ಚಿಕ್ಕ ಗಾಜಿನ ಕೊಳವೆಗಳಲ್ಲಿ, ಐಸು ತುಂಬಿದ ಫ್ಲಾಸ್ಕಿನಲ್ಲಿ ಬೆಂಗಳೂರಿನಿಂದ ಬರಬೇಕು. ಬಿಸಿ ತಗಲಿದರೆ ನೀರಿಗೆ ಸಮ. ಸೋಮವಾರ ಹಾಕದೆ ಉಳಿದದ್ದು ಡಿಪೋದ ಸೆಕೆಯಲ್ಲೇ ಕೆಟ್ಟಿತ್ತು. ನಮ್ಮ ಕಚೇರಿಯ ಜವಾನನು ಸೋಮವಾರ ರಾತ್ರಿಯೇ ಬಂಗಾರಪೇಟೆಯಲ್ಲಿ ಅದನ್ನು ಇಳಿಸಿಕೊಂಡು, ಮಾರಿಕುಪ್ಪಂ ರೈಲು ತಪ್ಪಿತೆಂದು, ನೆಂಟರ ಮನೆಗೆ ಹೋಗಿ ಮಲಗಿದ್ದ. ಫ್ಲಾಸ್ಕನ್ನು ಅವರ ಅಡುಗೆಮನೆಯ ಒಲೆಯ ಪಕ್ಕ ಇಟ್ಟಿದ್ದ. ನಾನು ಬೆಳಿಗ್ಗೆ ಮುಚ್ಚಳ ತೆಗೆದರೆ ಐಸಿನ ಚೂರೂ ಇಲ್ಲ, ನೀರು ಉಗುರುಬೆಚ್ಚಗೆ.

ಡಿಪೋದಲ್ಲಿ ಅಧಿಕಾರಿಗಳು ಫ್ಲಾಸ್ಕ್ ಮುಟ್ಟಿ ನೋಡಿ, "ಸ್ವಲ್ಪ ಬೆಚ್ಚಗಾಗಿದೆ ಅಷ್ಟೆ. ಇದನ್ನೇ ಹಾಕಿ. ಕೆಲಸ ಶುರು ಆಯ್ತು ಅಂತಲಾದರೂ ತೋರಿಸಬೇಕು," ಎಂದರು.

"ಇದನ್ನು ಹಾಕೋದೂ ಹಾಕದೆ ಇರೋದೂ ಒಂದೇ ಸಾರ್. ಹಾಕಿಸಿಕೊಂಡವರು ಹಾಕಿಸಿಕೊಂಡೆವು ಅಂತ ನಂಬಿ ರೋಗಿಯ ಹತ್ತಿರ ಓಡಾಡ್ತಾರೆ. ಅದು ಇನ್ನೂ ಅಪಾಯ."

"ಪರೀಕ್ಷೆ ಮಾಡಿದ್ದೀರಾ?"

"ಅನುಮಾನ ಬಂದ ಔಷಧಿ ಔಷಧಿಯಲ್ಲ ಅಂತ ನನಗೆ ಕಲಿಸಿದ್ದಾರೆ."

ಕೊಳವೆಗಳನ್ನೆಲ್ಲ ಫಿನೈಲಿನ ಬಕೆಟ್ಟಿಗೆ ಸುರಿದೆ. ಅವರು ಮುಖ ಕೆಂಪಗೆ ಮಾಡಿಕೊಂಡು, ನನ್ನ ಮೇಲೆ ವರದಿ ಬರೆಯುವುದಾಗಿ ಹೇಳಿದರು. ಬರೆಯಿರಿ ಎಂದೆ. ಅವರೇನು ಕೆಟ್ಟವರಲ್ಲ. ಮೇಲಿನಿಂದ ಅವರಿಗೂ ದಿನಕ್ಕೆರಡು ಸಲ ಟೆಲಿಫೋನು ಬರುತ್ತಿತ್ತು. ಬೆಂಗಳೂರಿಗೆ ತಂತಿ ಕಳಿಸುವಾಗ ಮಾತ್ರ ಒಂದಕ್ಕೆ ಎರಡು ಫ್ಲಾಸ್ಕ್ ಬೇಕೆಂದು ಅವರೇ ಬರೆಸಿದರು.

ಒಂದು ದಿನ ಹೋಯಿತು. ಕೂಸಿನ ಲೆಕ್ಕದಲ್ಲಿ ಉಳಿದಿದ್ದೇ ಒಂದೆರಡು.

ಸಂಜೆ ನಲ್ಲಿಗೆ ನೀರು ಬಿಡುವ ಹೊತ್ತಿಗೆ ಮತ್ತೆ ಲೈನಿಗೆ ಹೋದೆ. ಲೈನಿಗೆಲ್ಲ ಒಂದೇ ನಲ್ಲಿ. ಆ ಹೊತ್ತಿಗೆ ಕೊಡ ಹಿಡಿದು ಬಾರದ ಹೆಂಗಸಿಲ್ಲ. ಪಾಟಿ ಸಾಲಿನ ಮುಂದಿದ್ದಳು. ನನ್ನನ್ನು ಕಂಡದ್ದೇ ಸೊಂಟದ ಮೇಲೆ ಕೈಯಿಟ್ಟಳು.

"ವಾಮ್ಮಾ ನರ್ಸಮ್ಮಾ! ಡಿಪೋಲಿ ಯಾಪಾರ ಎಂಗೆ? ಒಂದು ನೊಣಕ್ಕಾದ್ರೂ ಕುತ್ತಿದ್ಯಾ?"

ಹೆಂಗಸರು ನಕ್ಕರು. ನನಗೆ ದಿನವೆಲ್ಲ ಕೂಡಿಟ್ಟ ಸಿಟ್ಟು ಮೇಲೆ ಬಂತು.

"ನಗಿ, ಚೆನ್ನಾಗಿ ನಗಿ. ಕೂಸಿಗೆ ಬಂದ ದಿನ ಇದೇ ನಲ್ಲಿಯ ಹತ್ತಿರ ನಗಿ. ಏನಾಗಿದೆ ನಿಮಗೆ? ನಿಮ್ಮನ್ನ ನುಂಗಿಬಿಡ್ತೀನಾ ನಾನು?"

ಸೊಸೆ ತಲೆಗೆ ಸೆರಗು ಕಟ್ಟಿಕೊಂಡು ನಲ್ಲಿಯ ಎದುರಿಗೇ ಇದ್ದ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೂಸನ್ನು ಎದೆಗವಚಿಕೊಂಡು, ಅಲ್ಲಿಂದಲೇ ಮೆಲ್ಲಗೆ ಅಂದಳು: "ಅತ್ತೆ ನಿಜವಾದ ಡಿಪೋ ನೋಡಿದವ್ರು ಅಮ್ಮಾ. ಮದ್ರಾಸ್‌ದು."

ಪಾಟಿ ಅವಳ ಕಡೆ ಕಣ್ಣು ಬಿಟ್ಟಳು. ಆದರೆ ಕೊಡ ಕೆಳಗಿಟ್ಟು, ಎಡಗೈಯ ಸೀರೆ ಸರಿಸಿ ನನ್ನ ಮುಂದೆ ತೋಳು ಹಿಡಿದಳು. ದೊಡ್ಡ ದೊಡ್ಡ ಕಲೆಗಳು, ಹಳೆಯ ಕಾಲದ ಲಸಿಕೆಯವು. ತೋಳು ಸುಕ್ಕಾಗಿದ್ದರೂ ಅವು ಸುಕ್ಕಾಗಿರಲಿಲ್ಲ.

"ನಂಗೆ ಕುತ್ತಾಗಿದೆ, ನೋಡು. ನೀನಾಗ ಇನ್ನೂ ಉಟ್ಟೇ ಇರಲಿಲ್ಲ."

ಅವಳು ಹೇಳಿದ್ದನ್ನು ನಾನು ಕ್ರಮವಾಗಿ ಬರೆಯುತ್ತೇನೆ. ಅವಳು ಕ್ರಮವಾಗಿ ಹೇಳಲಿಲ್ಲ, ನಲ್ಲಿಯ ಸರದಿಗಾಗಿ ಬೈಯುತ್ತ ನಡುನಡುವೆ ಹೇಳಿದಳು. ಅವಳು ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪ, ಅವ್ವ, ಕಂಕುಳ ತಮ್ಮ, ಎಲ್ಲರೂ ಮದ್ರಾಸಿನ ಡಿಪೋ, ಎಂದರೆ ಕೂಲಿಗಳನ್ನು ಹಡಗು ಹತ್ತಿಸುವ ಮುಂಚೆ ಕೂಡಿಡುವ ಜಾಗ, ಸೇರಿದರು. ಸಮುದ್ರದಾಚೆ ದಕ್ಷಿಣ ಆಫ್ರಿಕದ ನೇಟಾಲಿನ ಕಬ್ಬಿನ ತೋಟಕ್ಕೆ ಐದು ವರ್ಷದ ಕರಾರು. ಗೋಡೆಯೊಳಗೆ ಮೇಜು ಹಾಕಿಕೊಂಡು ಕೂತವನು ಹೆಸರು ಕೇಳಿದ, ಅಪ್ಪನ ಹೆಸರು ಕೇಳಿದ, ಊರು ಕೇಳಿದ. ಹೆಬ್ಬೆಟ್ಟು ಒತ್ತಿಸಿದ. ಇನ್ನೊಬ್ಬ ತೋಳಿಗೆ ಚುಚ್ಚಿದ. ಏನೂ ಆಗಲ್ಲ ಅಂದ. ಹಡಗು ಹೊರಡುವ ದಿನ ಹುಡುಗಿಯ ತೋಳು ಬಾತಿತ್ತು, ಮೈ ಸುಡುತ್ತಿತ್ತು. ಜ್ವರದ ಮಗುವನ್ನು ಹಡಗಿಗೆ ಹತ್ತಿಸುವುದಿಲ್ಲ ಎಂದರು. ಅವ್ವ ತಾನೂ ಉಳಿಯುತ್ತೇನೆಂದು ಕೂಗಾಡಿದಳು. ಹೆಬ್ಬೆಟ್ಟು ಆಗಲೇ ಬಿದ್ದಿತ್ತಲ್ಲ. ಮುಂದಿನ ಹಡಗಿಗೆ ಮಗಳನ್ನು ಕಳಿಸುತ್ತೇವೆ ಎಂದು ಸಮಾಧಾನ ಹೇಳಿ ಹತ್ತಿಸಿದರು.

"ಮುಂದಿನ ಅಡಗು!" ಪಾಟಿ ಕೊಡ ಎತ್ತಿ ನಲ್ಲಿಗೆ ಹಿಡಿದಳು. "ಮಾಮ ಬಂದು ಬಿಡುಸ್ಕೊಂಡ. ಮೇಸ್ತ್ರಿ ಕೂಡೆ ಗಣಿಗೆ ಬರ್ತಿದ್ದ, ನನ್ನೂ ಎಳ್ಕೊಂಡು ಬಂದ. ಬೌರಿಂಗ್‌ಪೇಟೆಲಿ ರೈಲಿಳಿದು, ಇದೇನಾ ನೇಟಾಲು ಅಂತ ಕೇಳ್ದೆ. ಮಾಮ ಒಂದೇಟು ಒಡೆದ."

ಬಂಗಾರಪೇಟೆಯನ್ನು ಆ ಹಳೆಯ ಹೆಸರಿನಿಂದ ಕರೆಯುವವರು ಆಗಿನ್ನೂ ಇದ್ದರು. ಮತ್ತೆ ಅವ್ವನ ಸುದ್ದಿ ಬಂತೇ ಎಂದು ಕೇಳಿದೆ.

"ಎಲ್ಲಿಂದ ಬರುತ್ತೆ? ನಾನು ಇಲ್ಲಿದೀನಿ ಅಂತ ಅವ್ಳಿಗೆ ಯಾರು ಯೋಳಿದ್ದು?" ಎಂದವಳೇ ನನ್ನ ಮುಖಕ್ಕೆ ಬೆರಳು ತೋರಿಸಿದಳು. "ಈಗ ನೀನು ಯೋಳು. ಕೂಸಿಗೆ ಕುತ್ತಿದ್ರೆ ಜ್ವರ ಬರುತ್ತಾ, ಬರಲ್ವಾ?"

ನಮಗೆ ಕೊಟ್ಟಿದ್ದ ಸೂಚನೆ ಸ್ಪಷ್ಟವಾಗಿತ್ತು. ಜನ ಹೆದರದಂತೆ, ಏನೂ ಆಗುವುದಿಲ್ಲ ಎಂದು ಹೇಳಬೇಕು. ನನ್ನ ಹಿಂದೆ ನಿಂತಿದ್ದ ದಾಕು ಹಾಕುವವರು ಕೆಮ್ಮಿ ಸನ್ನೆ ಮಾಡಿದರು. ಸೊಸೆ ಬಾಗಿಲಿಂದ ನನ್ನನ್ನೇ ನೋಡುತ್ತಿದ್ದಳು. ಹೌದು ಎಂದರೆ ಕೂಸು ಕೈ ತಪ್ಪುತ್ತದೆ. ಇಲ್ಲ ಎಂದರೆ ಎಂಟನೇ ದಿನ ನನ್ನ ಸುಳ್ಳು ಬಯಲಾಗುತ್ತದೆ. ಆಮೇಲೆ ಈ ಲೈನಿನಲ್ಲಿ ಯಾರಿಗೂ ಯಾವ ಔಷಧಿಯೂ ಇಲ್ಲ.

"ಬರುತ್ತೆ," ಎಂದೆ.

ನಲ್ಲಿಯ ನೀರು ಕೊಡ ತುಂಬಿ ಹರಿಯಿತು. ಯಾರೂ ಕೊಡ ಸರಿಸಲಿಲ್ಲ.

"ಮೂರು ನಾಲ್ಕು ದಿನಕ್ಕೆ ತೋಳಲ್ಲಿ ಒಂದು ಗುಳ್ಳೆ ಏಳುತ್ತೆ. ಎಂಟನೇ ದಿನದ ಸುಮಾರಿಗೆ ಅದು ತುಂಬಿ, ಸುತ್ತ ಕೆಂಪಾಗಿ, ಜ್ವರ ಬರುತ್ತೆ. ಕೂಸು ಅಳುತ್ತೆ, ಹಾಲು ಬಿಡುತ್ತೆ. ಎರಡು ದಿನಕ್ಕೆ ಇಳಿಯುತ್ತೆ. ಜ್ವರ ಬಂದರೆ ಮದ್ದು ಹಿಡಿದಿದೆ ಅಂತ ಅರ್ಥ. ನಿನಗೂ ಆಗಿದ್ದು ಅದೇ ಜ್ವರ ಪಾಟಿ. ಅದು ಕಾಯಿಲೆ ಅಲ್ಲ."

ಪಾಟಿ ತೋಳಿನ ಕಲೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ಕಾಯ್ಲೆ ಅಲ್ವಾ ಅದು?" ಎಂದಳು. ಕೇಳಿದ್ದು ನನ್ನನ್ನಲ್ಲ ಅನ್ನಿಸಿತು.

"ಅಲ್ಲ."

"ಎಂಟನೇ ದಿನ ನೀನು ಇಲ್ಲಿರ್ತೀಯಾ?"

"ಇರ್ತೀನಿ."

"ಗಾಡಿ ಬಂದ್ರೆ?"

"ತಾಯಿ ಮಗೂನ ಬೇರೆ ಮಾಡಕ್ಕೆ ಬಿಡಲ್ಲ."

ಆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಜ್ವರ ಕಂಡ ಯಾರನ್ನೇ ಆದರೂ ಶೆಡ್ಡಿಗೆ ಸಾಗಿಸಬೇಕೆಂಬ ಆಜ್ಞೆ ಡಿಪೋದ ಗೋಡೆಯಲ್ಲೇ ಅಂಟಿಸಿತ್ತು. ರೈಲು ಬಂಗಾರಪೇಟೆ ಮುಟ್ಟುವಷ್ಟರಲ್ಲಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಮೇಟ್ರನ್ ಕಲಿಸಿದ ಕ್ರಮದಲ್ಲಿ ಕೈ ತೊಳೆಯುವುದೂ ಕುದಿಸುವುದೂ ಮೊದಲು, ಬರೆಯುವುದು ಆಮೇಲೆ. ನಾವು ತಲೆಕೆಳಗು ಮಾಡಿಕೊಂಡಿದ್ದೆವು. ಇನ್ನು ಮೇಜಿಲ್ಲ, ಡಿಪೋ ಇಲ್ಲ, ಹೆಬ್ಬೆಟ್ಟಿಲ್ಲ. ಮೊದಲು ತೋಳು. ಹೆಸರು ಯಾವಾಗಲಾದರೂ ಬರಲಿ.

ಬುಧವಾರ ಬೆಳಿಗ್ಗೆ ಪ್ಲಾಟ್‌ಫಾರಂ ಮೇಲೆ ನಾನೇ ನಿಂತು ಎರಡು ಫ್ಲಾಸ್ಕ್‌ಗಳನ್ನು ಇಳಿಸಿಕೊಂಡೆ. ಸೋಡಾ ಅಂಗಡಿಯಿಂದ ಐಸು ಕೊಂಡು, ಮರದ ಹೊಟ್ಟಿನಲ್ಲಿ ಹೂತು, ಒದ್ದೆ ಗೋಣಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಮಾರಿಕುಪ್ಪಂಗೆ ಬಂದೆ. ಸೀರೆಯೆಲ್ಲ ಒದ್ದೆ. ಡಿಪೋಗೆ ಹೋಗದೆ ನೇರ ನಲ್ಲಿಯ ಹತ್ತಿರ ಹೋದೆವು. ಸ್ಟವ್ ಹಚ್ಚಿ ಲ್ಯಾನ್ಸೆಟ್‌ಗಳನ್ನು ಕುದಿಯಲು ಇಟ್ಟೆ. ಲ್ಯಾನ್ಸೆಟ್ ಎಂದರೆ ಹಿಡಿಯ ತುದಿಯಲ್ಲಿ ಮುಳ್ಳಿನ ಪುಟ್ಟ ಬಿಲ್ಲೆ ಇರುವ ಸಾಧನ. ತೋಳನ್ನು ಸೋಪು ನೀರಿನಿಂದ ತೊಳೆದು ಒಣಗಿಸಬೇಕು. ಸ್ಪಿರಿಟ್ ಹಚ್ಚಬಾರದು, ಹಚ್ಚಿದರೆ ಲಸಿಕೆಯೇ ಸಾಯುತ್ತದೆ. ಒಂದು ಹನಿ ಇಟ್ಟು, ಅದರ ಮೇಲೆ ಬಿಲ್ಲೆಯನ್ನು ಒತ್ತಿ ತಿರುಗಿಸಬೇಕು. ರಕ್ತ ಬರಬಾರದು. ಆಮೇಲೆ ನೆರಳಲ್ಲಿ ಆರುವ ತನಕ ಒರೆಸದೆ ಕಾಯಬೇಕು. ಕಷ್ಟದ ಕೆಲಸ ಅದೇ. ಒರೆಸಬೇಡಿ ಎಂದ ಕ್ಷಣ ಎಲ್ಲರ ಕೈಯೂ ಸೆರಗಿಗೇ ಹೋಗುತ್ತದೆ.

ಪಾಟಿ ಬಂದಳು. "ಮೊದ್ಲು ನಂಗೆ. ಇನ್ನೊಂದ್ಸಲ."

ಹಳೆಯ ಕಲೆಗಳ ಕೆಳಗೆ ಹಾಕಿದೆ. ಅವಳು ಮುಖ ತಿರುಗಿಸಲಿಲ್ಲ, ಬಿಲ್ಲೆಯನ್ನೇ ನೋಡಿದಳು. ಮುಗಿದ ಮೇಲೆ ಸುತ್ತ ನಿಂತವರಿಗೆ, "ಏನ್ ಬಾಯ್ ಬಿಟ್ಕೊಂಡು ನಿಂತಿದ್ದೀರ್ಲಾ? ತೋಳು ತೊಳ್ಕೊಳ್ಳಿ!" ಎಂದು ಗದರಿದಳು. ಸಾಲು ನಿಂತಿತು.

ಕೂಸಿಗೆ ಮಾತ್ರ ಅವಳ ಷರತ್ತು ಬೇರೆ. ಹೊಸಲಿನಾಚೆ ತರುವಂತಿಲ್ಲ. ನಾನು ಒಳಗೆ ಹೋಗಿ, ತಾಯಿಯ ಮಡಿಲಲ್ಲೇ ಹಾಕಬೇಕು. ಬಾಗಿಲು ತೆರೆದಿರಬೇಕು. ಹೆಸರು ಕೇಳಬಾರದು. ಇನ್ನೂ ಹೆಸರಿಟ್ಟಿಲ್ಲ, ಇಡುವುದೂ ಇಲ್ಲ ಎಂದಳು.

"ಹೆಸರಿಡೋಕೂ ನಿನಗೆ ಭಯವಾ?"

"ಎಸ್ರೇ ಇಲ್ದಿದ್ದ ಕೂಸ್ನ ಯಾವೋನು ಕೂಗಿ ಕರ್ಕೊಂಡೋಗ್ತಾನೆ?"

 ಬೆರಳಷ್ಟು ದಪ್ಪದ ಆ ತೋಳಿಗೆ ಹನಿ ಇಟ್ಟು ಬಿಲ್ಲೆ ತಿರುಗಿಸಿದೆ. ಕೂಸು ಅತ್ತಿತು. ಸೊಸೆ ಅಳಲಿಲ್ಲ.

ಅಧಿಕಾರಿಗಳು ಮಧ್ಯಾಹ್ನ ಬಂದಾಗ ಲೈನು ಬಹುಮಟ್ಟಿಗೆ ಮುಗಿದಿತ್ತು. ಹೆಸರುಗಳೆಲ್ಲಿ ಎಂದರು. ತೋಳುಗಳಿವೆ ಎಂದೆ. ನನ್ನ ಮೇಲೆ ಎರಡನೆಯ ವರದಿ ಬರೆಯುವುದಾಗಿ ಹೇಳಿ ಹೋದರು.

ಒಬ್ಬ ಮಾತ್ರ ಬರಲಿಲ್ಲ. ಸಿಡುಬಾದವನ ತಮ್ಮ. ಎರಡು ಸಲ ಹೇಳಿ ಕಳಿಸಿದೆ. "ಸೋಮಾರ ಬಂದಿದ್ದೆ. ನೀವೇ ಓಗು ಅಂದ್ರಿ," ಎಂದು ಹೇಳಿ ಕಳಿಸಿದ. ಶನಿವಾರ ನಾನೇ ಪಾಳಿ ಬಿಡುವ ಹೊತ್ತಿಗೆ ಕಾದು ನಿಂತು ಹಿಡಿದು ಹಾಕಿದೆ. ಹಾಕುವಾಗಲೇ ಗೊತ್ತಿತ್ತು, ತಡವಾಯಿತೆಂದು. ಇಂದಿಗೂ ಆ ಸೋಮವಾರದ ಬೆಳಿಗ್ಗೆ ನೆನಪಾದರೆ ನನಗೆ ಊಟ ಸೇರುವುದಿಲ್ಲ. ಅಂಗಿ ಕಳಚಿಕೊಂಡು ಬಂದಿದ್ದ. ಅಪ್ಪನ ಹೆಸರಿಗಾಗಿ ಕಳಿಸಿಬಿಟ್ಟೆವು.

ಎಂಟನೇ ದಿನ ಮೊದಲ ರೈಲಿಗೇ ಬಂದೆ. ಕೂಸಿನ ತೋಳಿನಲ್ಲಿ ಮುತ್ತಿನಂಥ ಗುಳ್ಳೆ, ನಡುವೆ ಚಿಕ್ಕ ತಗ್ಗು, ಸುತ್ತ ಕೆಂಪು. ಪುಸ್ತಕದಲ್ಲಿ ಬರೆದಂತೆ ಇತ್ತು. ಮೈ ಸುಡುತ್ತಿತ್ತು. ಪಾಟಿ ರಾತ್ರಿಯೆಲ್ಲ ಹೊಸಲಿನ ಮೇಲೆ ಕೂತಿದ್ದವಳು ಇನ್ನೂ ಅಲ್ಲೇ ಕೂತಿದ್ದಳು. "ಬಂತು ನಿನ್ ಜ್ವರ," ಎಂದಳು. ಬೈಗುಳವೋ ಏನೋ ತಿಳಿಯಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಗಾಡಿ ಬಂತು. ಬಂದದ್ದು ಪಕ್ಕದ ಮನೆಗೆ. ತಮ್ಮನಿಗೆ ಎರಡು ದಿನದಿಂದ ಜ್ವರ, ಬೆನ್ನುನೋವು. ಆ ಬೆಳಿಗ್ಗೆ ಹಣೆಯ ಮೇಲೆ ಗುಳ್ಳೆ. ಅವನು ತಾನೇ ನಡೆದು ಬಂದು ಗಾಡಿ ಹತ್ತಿದ. ಹತ್ತುವಾಗ ನನ್ನನ್ನು ನೋಡಿದ. ಅವನು ಬದುಕಿದ. ಒಂದು ಕಣ್ಣು ಹೋಯಿತು.

ಅಧಿಕಾರಿಗಳು ಈ ಬಾಗಿಲಿಗೆ ಬಂದರು. ಕೂಸಿನ ಅಳು ಅವರಿಗೂ ಕೇಳಿಸಿತ್ತು.

"ಜ್ವರ ಇದೆಯಾ?"

"ಇದೆ ಸಾರ್."

"ಗಾಡಿಗೆ ಹತ್ತಿಸಿ. ಶೆಡ್ಡಲ್ಲಿ ಆಯಾ ಇದ್ದಾಳೆ. ಬಾಣಂತಿಗೆ ಅಲ್ಲಿ ಜಾಗ ಇಲ್ಲ."

ಸೊಸೆ ಗೋಡೆಗೆ ಒತ್ತಿಕೊಂಡಳು. ಪಾಟಿ ಎದ್ದು ನಿಂತಳು. ಎರಡೂ ಕೈ ಬಾಗಿಲಿನ ಎರಡು ಕಂಬಕ್ಕೆ. ಆದರೆ ಅವಳು ನೋಡಿದ್ದು ಸಾಹೇಬರನ್ನಲ್ಲ, ನನ್ನನ್ನು.

"ಯೋಳು ನರ್ಸಮ್ಮಾ. ಇವತ್ತು ಎಷ್ಟನೇ ದಿನ?"

"ಎಂಟು," ಎಂದೆ. ಅಧಿಕಾರಿಗಳ ಕಡೆ ತಿರುಗಿದೆ. "ಸಾರ್, ಈ ಜ್ವರ ನಾನು ಹೇಳಿ ತರಿಸಿದ್ದು. ಬಂದು ನೋಡಿ. ತೋಳಲ್ಲಿ ಬಿಟ್ಟು ಇನ್ನೆಲ್ಲೂ ಒಂದು ಗುಳ್ಳೆ ಇಲ್ಲ. ಅಂಗೈ ನೋಡಿ, ಅಂಗಾಲು ನೋಡಿ, ಬಾಯಿ ನೋಡಿ. ಲಸಿಕೆ ಹಿಡಿದಿದೆ. ಈ ಮಗೂನ ಶೆಡ್ಡಿಗೆ ಹಾಕಿದರೆ ರೋಗಿಗಳ ನಡುವೆ, ತಾಯಿಹಾಲಿಲ್ಲದೆ ಹಾಕಿದ ಹಾಗೆ."

"ಜ್ವರ ಕಂಡರೆ ಸಾಗಿಸಬೇಕು ಅಂತ ಆಜ್ಞೆ. ನಾನು ಬರೆದಿದ್ದಲ್ಲ ಅದು."

"ಗೊತ್ತು ಸಾರ್. ಸೋಮವಾರದ ಹೆಸರಿನ ಆಜ್ಞೆಯೂ ನೀವು ಬರೆದದ್ದಲ್ಲ."

ಅವರು ಗಾಡಿಯ ಕಡೆ ನೋಡಿದರು. ಒಳಗೆ ಸಿಡುಬಾದವನ ತಮ್ಮ, ಮಂಡಿಯ ಮೇಲೆ ಹಣೆಯಿಟ್ಟು ಕೂತಿದ್ದ. ಸಾಹೇಬರ ಮುಖದ ಬಣ್ಣ ಇಳಿಯಿತು. ಬಾಗಿ, ಪಾಟಿಯ ಕೈ ಕೆಳಗೆ ನುಸುಳಿ ಒಳಗೆ ಬಂದರು. ಅವಳು ಕೈ ತೆಗೆಯಲಿಲ್ಲ. ಕೂಸಿನ ಅಂಗೈ, ಅಂಗಾಲು, ಬಾಯಿ ಎಲ್ಲ ನೋಡಿದರು.

"ನಾಳೆ ಮೈಮೇಲೆ ಗುಳ್ಳೆ ಎದ್ದರೆ?"

"ತಾಯಿ ಮಗು ಇಬ್ಬರನ್ನೂ ನಾನೇ ಶೆಡ್ಡಿಗೆ ಕರಕೊಂಡು ಬರ್ತೀನಿ. ನಾನೂ ಅಲ್ಲೇ ಇರ್ತೀನಿ."

"ಬರೆದು ಕೊಡಿ."

ನಿಂತಲ್ಲೇ ಬರೆದು ರುಜು ಮಾಡಿ ಕೊಟ್ಟೆ. ಮಡಿಚಿ 'ಮೂರನೆಯದು' ಎಂದು ಗೊಣಗಿ ಜೇಬಿಗಿಟ್ಟುಕೊಂಡರು. ಗಾಡಿ ಹೋಯಿತು. ಪಾಟಿ ಆಗ ಕೈ ಇಳಿಸಿದಳು. 

ದಿನವೆಲ್ಲ ಅಲ್ಲೇ ಕೂತೆ. ಒದ್ದೆ ಬಟ್ಟೆ ಹಣೆಗೆ, ಹೊತ್ತು ಹೊತ್ತಿಗೆ ಥರ್ಮಾಮೀಟರು. ಕೂಸು ಹಾಲು ಬಿಟ್ಟಿತು, ಮತ್ತೆ ಹಿಡಿಯಿತು. ಪಾಟಿ ನನಗೆ ಒಂದು ಲೋಟ ಕಾಫಿ ಕೊಟ್ಟು, "ಸಕ್ಕರೆ ಇಲ್ಲ, ಬೆಲ್ಲ," ಎಂದಳು.  ಆಮೇಲೊಮ್ಮೆ, ಯಾರಿಗೂ ಅಲ್ಲ ಎಂಬಂತೆ, "ಎರಡು ದಿನಕ್ಕೆ ಇಳಿಯೋ ಜ್ವರ," ಎಂದಳು. "ಎರಡೇ ದಿನ."

ಸಂಜೆಯ ಸಂಗು ಕೂಗುವಷ್ಟರಲ್ಲಿ ಮೈ ಬಿಸಿ ಸ್ವಲ್ಪ ಇಳಿದು ಕೂಸು ನಿದ್ದೆ ಹೋಯಿತು. ಕೈ ತೊಳೆದು, ಥರ್ಮಾಮೀಟರನ್ನು ತೊಳೆದು ಒರೆಸಿ ಪೆಟ್ಟಿಗೆಗೆ ಸೇರಿಸಿದೆ. ಉಳಿದದ್ದು ಕೂಸಿನ ಲಸಿಕೆಯ ಕಾರ್ಡು ಬರೆಯುವುದು. ದಾಕು ಹಾಕುವವರು ದೀಪ ಹಿಡಿದರು.

"ಏನ್ ಬರೀತೀಯಾ? ಓದು," ಎಂದಳು ಪಾಟಿ.

"ಹೆಸರು: ಇಟ್ಟಿಲ್ಲ."

"ಆಂ."

"ತಂದೆಯ ಹೆಸರು?"

"ಬೇರೇನೈತೆ, ಆ ಮೇಸ್ತ್ರಿದೇ ಬರ್ಕೊಳ್ಳಿ ಅಮ್ಮಾವ್ರೇ," ಎಂದರು ದಾಕು ಹಾಕುವವರು. "ಇನ್ನೊಬ್ಬ ಮಗ."

ಪಾಟಿ ಮೊದಲ ಸಲ ನಕ್ಕಳು. ಬಾಯಲ್ಲಿ ಹಲ್ಲು ಕಡಿಮೆ. ಆಮೇಲೆ ನಗು ನಿಲ್ಲಿಸಿ ತನ್ನ ಮಗನ ಹೆಸರನ್ನು ಸರಿಯಾಗಿ, ನಿಧಾನವಾಗಿ ಹೇಳಿದಳು. ಬರೆದುಕೊಂಡೆ. ಫಲಿತಾಂಶದ ಜಾಗದಲ್ಲಿ 'ಹಿಡಿದಿದೆ' ಎಂದು ಬರೆದೆ. ಕೆಳಗೆ ಷರಾ ಎಂದು ಒಂದು ಖಾಲಿ ಗೆರೆ ಇತ್ತು. ಅಲ್ಲಿ ಏನು ಬರೆಯಬೇಕೆಂದು ಯಾವ ಸೂಚನೆಯಲ್ಲೂ ಹೇಳಿರಲಿಲ್ಲ. ಬರೆದು, ಅವಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ.

"ಜ್ವರವಿದೆ. ತಾಯಿ ಜೊತೆಯಲ್ಲಿದ್ದಾಳೆ."

ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ.